ಚಿತ್ರ ಅಸಲಿ, ರೆಕಾರ್ಡ್ ನಕಲಿ: ಸೋಲ್ 45ಗಳನ್ನು ಕೊಳ್ಳುವವರಿಗೆ ಎಚ್ಚರಿಕೆ

ಅರವತ್ತು ಎಪ್ಪತ್ತರ ದಶಕದ ಅಮೆರಿಕನ್ ಸೋಲ್ ಮತ್ತು ಫಂಕ್ ಸಂಗೀತದ ರೆಕಾರ್ಡ್‌ಗಳನ್ನು ಅದರಲ್ಲೂ 45ಗಳನ್ನು (ನಿಮಿಷಕ್ಕೆ 45 ಸುತ್ತು ತಿರುಗುವ, ಬದಿಗೊಂದು ಹಾಡಿನ ಸಣ್ಣ ರೆಕಾರ್ಡ್) ಅಂಚೆಯ ಮೂಲಕ ತರಿಸಿಕೊಳ್ಳುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ಮಾರುವವರು ಕಳುಹಿಸುವ ಡೆಡ್ ವ್ಯಾಕ್ಸ್ ಚಿತ್ರ ಎಷ್ಟೇ ಸ್ಪಷ್ಟವಾಗಿರಲಿ, ಅದೇ ಚಿತ್ರದಲ್ಲಿ ಆ ರೆಕಾರ್ಡಿನ ಲೇಬಲ್ ಇಡಿಯಾಗಿ ಕಾಣಿಸದಿದ್ದರೆ ಹಣ ಕೊಡಬೇಡಿ. ನನ್ನ ಆರುನೂರು ಡಾಲರ್ ಹೋದದ್ದು ಇದೊಂದೇ ಸಂದಿನಲ್ಲಿ. ಚಿತ್ರ ಅಸಲಿ ರೆಕಾರ್ಡಿನದು, ಮನೆಗೆ ಬಂದದ್ದು ಬೇರೆಯದು.

ಹೊಸಬರಿಗಾಗಿ ಎರಡು ಮಾತು. ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಹಾಡಿಲ್ಲದ ನುಣುಪಾದ ಉಂಗುರವೊಂದು ಉಳಿಯುತ್ತದೆ. ಸಂಗ್ರಾಹಕರು ಡೆಡ್ ವ್ಯಾಕ್ಸ್ ಎನ್ನುವುದು ಇದನ್ನೇ. ಮಾಸ್ಟರ್ ಎಂಬ ಮೂಲ ತಟ್ಟೆ ಕೊರೆದವರು, ಅಚ್ಚು ತಯಾರಿಸಿದವರು, ಒತ್ತಿದ ಕಾರ್ಖಾನೆಯವರು ತಮ್ಮ ತಮ್ಮ ಸಂಖ್ಯೆ, ಗುರುತುಗಳನ್ನು ಬಿಡುವುದು ಇಲ್ಲಿ. ಲೇಬಲ್ ಕಾಗದವನ್ನು ಯಾರು ಬೇಕಾದರೂ ಮುದ್ರಿಸಬಹುದು. ಈ ಉಂಗುರದ ಗುರುತುಗಳನ್ನು ಹಾಗೆಯೇ ನಕಲು ಮಾಡುವುದು ಬಹಳ ಕಷ್ಟ. ನಿಮ್ಮ ಮನೆಯ ಅಟ್ಟದಲ್ಲಿ ಡಂಡಂ ಕಾರ್ಖಾನೆಯಲ್ಲಿ ಒತ್ತಿದ ಹಳೆಯ ಎಚ್.ಎಂ.ವಿ. ರೆಕಾರ್ಡ್ ಇದ್ದರೆ ಒಮ್ಮೆ ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ, ಅದರಲ್ಲೂ ಸಂಖ್ಯೆಗಳು ಮೂಡುತ್ತವೆ. ಕಣ್ಣಿಗೆ ಈ ಅಭ್ಯಾಸ ಮಾಡಿಸುವುದಕ್ಕೆ ದುಬಾರಿ ರೆಕಾರ್ಡೇ ಬೇಕೆಂದಿಲ್ಲ.

ನಾನು ಮಿಷಿಗನ್ ರಾಜ್ಯದಲ್ಲಿ ವಾಸವಾಗಿದ್ದೇನೆ, ಡೆಟ್ರಾಯಿಟ್ ಹತ್ತಿರ. ಇಲ್ಲಿಯ ಸೋಲ್ ಸಂಗೀತವೆಂದರೆ ಹೊರಗಿನವರಿಗೆ ಮೋಟೌನ್ ಎಂಬ ರೆಕಾರ್ಡ್ ಕಂಪನಿ ಒಂದೇ ನೆನಪಾಗುತ್ತದೆ. ಆದರೆ ಅದರ ನೆರಳಿನಲ್ಲಿ ಗೋಲ್ಡನ್ ವರ್ಲ್ಡ್, ರಿಕ್-ಟಿಕ್, ರೆವಿಲಾಟ್‌ನಂತಹ ಎಷ್ಟೋ ಸಣ್ಣ ಕಂಪನಿಗಳು ಇದ್ದವು. ಅವುಗಳಿಗಿಂತಲೂ ಸಣ್ಣವು ನಾಲ್ಕಾರು ರೆಕಾರ್ಡ್ ತಂದು ಮುಚ್ಚಿಹೋದವು. ನನ್ನ ಸಂಗ್ರಹವೆಲ್ಲ ಇಂತಹವೇ. ನಾನು ಹುಡುಕುತ್ತಿದ್ದದ್ದು ಅಂತಹ ಒಂದು ಕಂಪನಿಯ 1966ರ 45. ಅದರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ, ಹೇಳಿದರೆ ಮಾರಿದವರ ಗುರುತು ಹಿಡಿಯುವುದು ಸುಲಭವಾಗುತ್ತದೆ. ಇಷ್ಟು ಹೇಳಬಲ್ಲೆ: ಅದರ ಮೊದಲ ಮುದ್ರಣವನ್ನು ಒತ್ತಿದ್ದು ಇಲ್ಲಿಯೇ ಒವೊಸ್ಸೊ ಊರಿನಲ್ಲಿದ್ದ ಅಮೆರಿಕನ್ ರೆಕಾರ್ಡ್ ಪ್ರೆಸ್ಸಿಂಗ್ ಕಾರ್ಖಾನೆ. 1972ರಲ್ಲಿ ಬೆಂಕಿಗೆ ಆಹುತಿಯಾಗುವವರೆಗೂ ಡೆಟ್ರಾಯಿಟ್‌ನ ಅನೇಕ ಹಾಡುಗಳು ಅಲ್ಲಿಂದಲೇ ಹೊರಬಿದ್ದವು. ಎ, ಆರ್, ಪಿ ಅಕ್ಷರಗಳನ್ನು ಒಂದಕ್ಕೊಂದು ಕೂಡಿಸಿದ ಪುಟ್ಟ ಒತ್ತುಮುದ್ರೆ ಆ ಕಾರ್ಖಾನೆಯ ಗುರುತು.

ಅಂತರ್ಜಾಲದ ಮಾರಾಟ ತಾಣದಲ್ಲಿ ಮಾರುವವರು ಹಾಕಿದ್ದ ಪಟ್ಟಿಯಲ್ಲಿ ಲೇಬಲ್ಲಿನ ಚಿತ್ರಗಳಷ್ಟೇ ಇದ್ದವು. ಡೆಡ್ ವ್ಯಾಕ್ಸ್ ತೋರಿಸಿ ಎಂದು ಬರೆದೆ. ಅದೇ ದಿನ ಉತ್ತರ ಬಂತು, ಜೊತೆಗೆ ಒಂದು ಚಿತ್ರ: ಹತ್ತಿರದಿಂದ ತೆಗೆದದ್ದು, ಓರೆ ಬೆಳಕು, ಕೂಡಕ್ಷರದ ಮುದ್ರೆ ಎದ್ದು ಕಾಣುತ್ತಿದೆ, ಪಕ್ಕದಲ್ಲಿ ಮ್ಯಾಟ್ರಿಕ್ಸ್ ಸಂಖ್ಯೆ (ಆ ಅಚ್ಚಿನ ಗುರುತುಸಂಖ್ಯೆ) ಸರಿಯಾಗಿದೆ. ಲೇಬಲ್ಲಿನ ಅಂಚು ಮಾತ್ರ ಉಗುರಿನಷ್ಟು ಇಣುಕುತ್ತಿತ್ತು. ಪುಸ್ತಕ ಹೇಳುವ ಪರೀಕ್ಷೆಯೆಲ್ಲ ಆಯಿತು. ಹಣ ಕಟ್ಟಿದೆ.

ಬಂದ ರೆಕಾರ್ಡ್ ಮೊದಲ ನೋಟಕ್ಕೆ ಹಳೆಯದೇ. ಕಾಗದದ ಕವರ್ ಕಂದು ಬಣ್ಣಕ್ಕೆ ತಿರುಗಿತ್ತು, ಲೇಬಲ್ ಮಾಸಿತ್ತು, ಯಾರೋ ಅದರ ಅಂಚಿನಲ್ಲಿ ಪೆನ್ನಿನಿಂದ ಹೆಸರಿನ ಮೊದಲಕ್ಷರ ಬರೆದಿದ್ದರು. ದೀಪದ ಕೆಳಗೆ ತಿರುಗಿಸಿದಾಗ ಒವೊಸ್ಸೊ ಮುದ್ರೆ ಎರಡೂ ಬದಿಯಲ್ಲಿ ಇರಲಿಲ್ಲ. ಮ್ಯಾಟ್ರಿಕ್ಸ್ ಸಂಖ್ಯೆ ಇತ್ತು, ಆದರೆ ಸೂಜಿಯಿಂದ ಕೆರೆದ ಹಾಗೆ ತೆಳ್ಳಗೆ, ಅಂಕಿಗಳು ಒಂದು ಮೇಲೆ ಒಂದು ಕೆಳಗೆ. ಭೂತಗನ್ನಡಿಯಲ್ಲಿ ಲೇಬಲ್ ನೋಡಿದೆ. ಅಸಲಿ ಲೇಬಲ್ಲಿನಲ್ಲಿ ಬಣ್ಣ ಒಂದೇ ಸಮನೆ ಹರಡಿರುತ್ತದೆ, ಅಕ್ಷರದ ಅಂಚು ಚೂಪಾಗಿರುತ್ತದೆ. ಇದರಲ್ಲಿ ಬಣ್ಣವೆಲ್ಲ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕಂಡಿತು, ಹಾಡು ಬರೆದವರ ಹೆಸರಿನ ಕಿರಿಯ ಅಕ್ಷರಗಳ ಹೊಟ್ಟೆಯಲ್ಲಿ ಶಾಯಿ ತುಂಬಿತ್ತು. ಅಸಲಿ ಲೇಬಲ್ಲಿನ ಛಾಯಾಚಿತ್ರ ತೆಗೆದು ಮತ್ತೆ ಮುದ್ರಿಸಿದರೆ ಹೀಗಾಗುತ್ತದೆ.

ಕೊನೆಗೆ ಹಾಕಿ ಕೇಳಿದೆ. ಮೇಲ್ಮೈಯಲ್ಲಿ ಒಂದು ಗೀರೂ ಇಲ್ಲ, ಆದರೆ ಹಾಡು ಶುರುವಾಗುವ ಮೊದಲೇ ಚಟಪಟ ಸದ್ದು. ಬೇಸ್ ಮಂಕು, ಟ್ಯಾಂಬರೀನ್ ಎಂಬ ತಾಳವಾದ್ಯದ ಬಡಿತ ಕಂಬಳಿಯೊಳಗಿಂದ ಬಂದಂತೆ. ಮಾಸ್ಟರ್ ಟೇಪ್ ಕೈಯಲ್ಲಿಲ್ಲದವರು ಬಳಸಿದ ರೆಕಾರ್ಡ್ ಒಂದನ್ನೇ ನುಡಿಸಿ ಅದರಿಂದ ಹೊಸ ಅಚ್ಚು ಕೊರೆದಾಗ, ಆ ಹಳೆಯ ರೆಕಾರ್ಡಿನ ಸವೆತವೂ ಹಾಡಿನ ಜೊತೆ ಅಚ್ಚಾಗಿ ಉಳಿಯುತ್ತದೆ. ಕಣ್ಣಿಗೆ ಕಾಣದ ಗೀರು ಕಿವಿಗೆ ಕೇಳಿಸಿದರೆ ಸಂಶಯ ಪಡಲೇಬೇಕು.

ಅಷ್ಟು ಹಳೆಯದಾಗಿ ಕಾಣುವ ನಕಲಿ ಎಲ್ಲಿಂದ ಬಂತು? ಅದಕ್ಕೊಂದು ಚರಿತ್ರೆ ಇದೆ, ಮತ್ತು ಇದನ್ನು ಅರಿತವರು ಕಡಿಮೆ. ಅಮೆರಿಕದಲ್ಲಿ ಯಾರೂ ಕೊಳ್ಳದೆ ಗೋದಾಮಿನಲ್ಲಿ ಬಿದ್ದಿದ್ದ ಅರವತ್ತರ ದಶಕದ ವೇಗದ ಸೋಲ್ ಹಾಡುಗಳನ್ನು ಎತ್ತಿ ಹಿಡಿದವರು ಉತ್ತರ ಇಂಗ್ಲೆಂಡಿನ ಕಾರ್ಮಿಕರ ಮನೆಯ ಯುವಜನ. 1973ರಿಂದ 1981ರವರೆಗೆ ನಡೆದ ವಿಗನ್ ಕ್ಯಾಸಿನೊ ಎಂಬ ನೃತ್ಯಶಾಲೆಯಲ್ಲಿ ಅವರು ಇಡೀ ರಾತ್ರಿ ಕುಣಿಯುತ್ತಿದ್ದರು. ಬೇರೆಯವರ ಬಳಿ ಇಲ್ಲದ ಹಾಡು ತನ್ನ ಬಳಿ ಇರಬೇಕೆಂದು ಡಿಜೆಗಳ ನಡುವೆ ಎಂತಹ ಪೈಪೋಟಿ ಇತ್ತೆಂದರೆ, ಎದುರಾಳಿಗೆ ಗೊತ್ತಾಗದಂತೆ ಲೇಬಲ್ಲಿನ ಮೇಲೆ ಬೇರೆ ಕಾಗದ ಅಂಟಿಸಿ ಹಾಡಿಗೆ ಸುಳ್ಳು ಹೆಸರು ಹೇಳುತ್ತಿದ್ದರು. ಹಾಡು ಜನಪ್ರಿಯವಾದ ಕೂಡಲೇ ಅದರ ನಕಲಿ ಪ್ರತಿಗಳು ಸಂತೆಗೆ ಬರುತ್ತಿದ್ದವು. ಎಪ್ಪತ್ತರ ದಶಕದ ಆ ನಕಲಿಗಳಿಗೆ ಈಗ ಸುಮಾರು ಐವತ್ತು ವರ್ಷ. ಕಾಗದ ಹಳದಿಯಾಗಿದೆ, ಧೂಳು ಕೂತಿದೆ, ಎರಡು ಮೂರು ಕೈ ದಾಟಿವೆ. ಆದ್ದರಿಂದ ಮುದಿತನ ಅಸಲಿತನಕ್ಕೆ ಸಾಕ್ಷಿಯಲ್ಲ. ಬೆಲೆ ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ಸಾಕು. ಮೋಟೌನ್‌ನ ‘ಸೋಲ್’ ಎಂಬ ಹೆಸರಿನ ಅಂಗಸಂಸ್ಥೆಗಾಗಿ ಫ್ರಾಂಕ್ ವಿಲ್ಸನ್ 1965ರಲ್ಲಿ ಹಾಡಿದ, ಮಾರಾಟಕ್ಕೆ ಬಾರದೇ ಹೋದ ಒಂದು 45ರ ಪ್ರತಿ 2009ರಲ್ಲಿ 25,000 ಪೌಂಡಿಗೂ ಮೇಲೆ ಹೋಯಿತು. ಇಷ್ಟು ಹಣ ಓಡಾಡುವ ಕಡೆ ಮೋಸ ಮಾಡುವವರು ಬಾರದೇ ಇರುವುದಿಲ್ಲ.

ಈಗ ನನಗೆ ಇನ್ನೂ ಹೊಟ್ಟೆ ಉರಿಯುವ ಭಾಗಕ್ಕೆ ಬರುತ್ತೇನೆ. ಮಾರಿದವರಿಗೆ ಚಿತ್ರ ಸಮೇತ ಬರೆದೆ. ಅವರ ಉತ್ತರ: ನಾನು ಕಳುಹಿಸಿದ್ದು ಒರಿಜಿನಲ್, ನೀವು ನಿಮ್ಮ ಬಳಿ ಇದ್ದ ನಕಲಿಯನ್ನು ತೋರಿಸಿ ಹಣ ಕೀಳಲು ನೋಡುತ್ತಿದ್ದೀರಿ. ಮಾರಾಟ ತಾಣದವರ ಬಳಿ ಹೋದೆ. ಮಾರುವ ಮೊದಲೇ ಡೆಡ್ ವ್ಯಾಕ್ಸ್ ಚಿತ್ರ ಕೊಟ್ಟಿದ್ದಾರೆ, ಅದರಲ್ಲಿ ಸರಿಯಾದ ಮುದ್ರೆ ಇದೆ, ನೀವು ತೋರಿಸುತ್ತಿರುವ ರೆಕಾರ್ಡ್ ಆ ಪೊಟ್ಟಣದಲ್ಲೇ ಬಂದದ್ದು ಎನ್ನುವುದಕ್ಕೆ ಆಧಾರವಿಲ್ಲ ಎಂದು ದೂರನ್ನು ಮುಚ್ಚಿದರು. ನನ್ನನ್ನು ನಂಬಿಸಲು ಬಳಸಿದ ಚಿತ್ರವೇ ಮಾರಿದವರ ಪರವಾದ ಸಾಕ್ಷಿಯಾಯಿತು. ಬ್ಯಾಂಕಿನವರೂ ತಾಣದ ತೀರ್ಮಾನವನ್ನೇ ಎತ್ತಿ ಹಿಡಿದರು.

ಆ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಾ ಹೋದಾಗ ಒಂದು ಗುರುತು ಸಿಕ್ಕಿತು. ಮುದ್ರೆಯ ಎಡಗಡೆ ಕೂದಲೆಳೆಯಷ್ಟು ಸಣ್ಣ, ಬಾಗಿದ ಗೀರು. ಅದೇ ಹಾಡಿನ ಹಿಂದಿನ ಹರಾಜುಗಳ ಚಿತ್ರಗಳನ್ನು ಒಂದೊಂದಾಗಿ ತೆಗೆದು ಹೋಲಿಸಿದೆ. ಕೆಲವು ವರ್ಷಗಳ ಹಿಂದೆ ಬೇರೊಬ್ಬರು ಮಾರಿದ ಪ್ರತಿಯ ಚಿತ್ರದಲ್ಲಿ ಅದೇ ಗೀರು, ಅದೇ ಬೆಳಕು, ಅದೇ ಕೋನ. ಅಂಚುಗಳನ್ನು ಕತ್ತರಿಸಿ ನನಗೆ ಕಳುಹಿಸಿದ್ದರು, ಅಷ್ಟೇ. ಮೂಲ ಚಿತ್ರದಲ್ಲಿ ಲೇಬಲ್ ಅರ್ಧದಷ್ಟು ಕಾಣುತ್ತಿತ್ತು. ಅದನ್ನು ಕತ್ತರಿಸಿ ತೆಗೆದದ್ದು ಏಕೆಂದು ಈಗ ಗೊತ್ತು: ನನಗೆ ಬಂದದ್ದರಲ್ಲಿದ್ದ ಪೆನ್ನಿನ ಅಕ್ಷರ ಆ ಲೇಬಲ್ಲಿನ ಮೇಲೆ ಇರಲಿಲ್ಲ.

ಹಾಗಾಗಿ ಚಿತ್ರ ಕೇಳುವಾಗ ಹೀಗೆ ಕೇಳಿ. ಲೇಬಲ್ ಪೂರ್ತಿ, ಅದರ ಸುತ್ತಲಿನ ಡೆಡ್ ವ್ಯಾಕ್ಸ್ ಪೂರ್ತಿ ಒಂದೇ ಚಿತ್ರದಲ್ಲಿ, ಎರಡೂ ಬದಿ. ರೆಕಾರ್ಡಿನ ಪಕ್ಕದಲ್ಲಿ ನಿಮ್ಮ ಹೆಸರು ಮತ್ತು ಆ ದಿನದ ತಾರೀಖು ಬರೆದ ಚೀಟಿ. ಆಮೇಲೆ ಮುದ್ರೆಯನ್ನು ಹತ್ತಿರದಿಂದ. ಪ್ರಾಮಾಣಿಕವಾಗಿ ಮಾರುವವರಿಗೆ ಇದು ಎರಡು ನಿಮಿಷದ ಕೆಲಸ. ಬೇಸರಪಟ್ಟುಕೊಳ್ಳುವವರಿಂದ ಕೊಳ್ಳದಿರುವುದೇ ಒಳ್ಳೆಯದು, ಎಷ್ಟೇ ಅಪರೂಪದ ಹಾಡಾದರೂ ಇನ್ನೊಂದು ಪ್ರತಿ ಎಂದಾದರೂ ಬರುತ್ತದೆ. ಪೊಟ್ಟಣ ಬಂದ ಮೇಲೆ, ಅಂಚೆ ಚೀಟಿಯಿಂದ ಶುರು ಮಾಡಿ ಡೆಡ್ ವ್ಯಾಕ್ಸ್ ಕಾಣುವವರೆಗೆ ಎಲ್ಲೂ ನಿಲ್ಲಿಸದೆ ಮೊಬೈಲಿನಲ್ಲಿ ವಿಡಿಯೊ ಮಾಡಿ. ಅಂತಹ ವಿಡಿಯೊ ಕೈಯಲ್ಲಿದ್ದಿದ್ದರೆ ಪ್ರತಿ ಬದಲಿಸಿದೆನೆಂಬ ಆರೋಪ ನನ್ನ ಮೇಲೆ ಹೊರಿಸುವುದು ಸಾಧ್ಯವಿರಲಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮುದ್ರೆ ಇಲ್ಲದಿದ್ದರೆ ನಕಲಿ, ಕೈಯಿಂದ ಕೆರೆದಿದ್ದರೆ ನಕಲಿ ಎಂಬ ಸುಲಭ ಸೂತ್ರ ಕೆಲಸಕ್ಕೆ ಬಾರದು. ಸಣ್ಣ ಕಂಪನಿಗಳ ಎಷ್ಟೋ ಅಸಲಿ ರೆಕಾರ್ಡ್‌ಗಳಲ್ಲೂ ಕೈಬರಹವೇ ಇದೆ. ಆಯಾ ಹಾಡಿನ ಅಸಲಿ ಪ್ರತಿ ಹೇಗಿದೆ ಎಂದು ಮೊದಲು ತಿಳಿದು ಅದಕ್ಕೆ ಹೋಲಿಸಬೇಕು. ಲಾಸ್ ಏಂಜಲಿಸ್‌ನ ಮೊನಾರ್ಕ್ ಕಾರ್ಖಾನೆಯದಾದರೆ ಪುಟ್ಟ ತ್ರಿಕೋನ, ಅದರ ಪಕ್ಕ ಒಂದು ಸಂಖ್ಯೆ ಇರುತ್ತದೆ. ದಕ್ಷಿಣ ರಾಜ್ಯಗಳ ಅನೇಕ 45ಗಳಲ್ಲಿ ‘ನ್ಯಾಶ್‌ವಿಲ್ ಮ್ಯಾಟ್ರಿಕ್ಸ್’ ಎಂಬ ಒತ್ತುಮುದ್ರೆ ಸಿಗುತ್ತದೆ. ರೆಕಾರ್ಡ್ ಯಾವುದರಿಂದ ಆಗಿದೆ ಎನ್ನುವುದೂ ಮುಖ್ಯ. ಮೊನಾರ್ಕ್ ಸೇರಿ ಕೆಲವು ಕಾರ್ಖಾನೆಗಳು 45ಗಳನ್ನು ವಿನೈಲ್ ಬದಲು ಸ್ಟೈರೀನ್ ಎಂಬ ಗಡಸು ಪ್ಲಾಸ್ಟಿಕ್‌ನಲ್ಲಿ ಮಾಡುತ್ತಿದ್ದವು. ಉಗುರಿನಿಂದ ಮೆಲ್ಲಗೆ ತಟ್ಟಿದರೆ ಅದರ ಸದ್ದು ಟಣ್ಣನೆ, ಲೇಬಲ್ಲನ್ನು ಮೇಲಿಂದ ಅಂಟಿಸಿರುವುದು ಅಂಚಿನಲ್ಲಿ ತಿಳಿಯುತ್ತದೆ. ಬಗ್ಗಿಸಿ ನೋಡಲು ಮಾತ್ರ ಹೋಗಬೇಡಿ, ಒಡೆಯುತ್ತದೆ. ಸ್ಟೈರೀನ್‌ನಲ್ಲಷ್ಟೇ ಬಂದ ಹಾಡು ನಿಮ್ಮ ಕೈಗೆ ಬಾಗುವ ವಿನೈಲ್ ರೂಪದಲ್ಲಿ ಸಿಕ್ಕಿದರೆ ಅಲ್ಲಿಗೇ ಮಾತು ಮುಗಿಯಿತು.

ಎಲ್‌ಪಿಗಳ (ಹಲವು ಹಾಡುಗಳಿರುವ ದೊಡ್ಡ ರೆಕಾರ್ಡ್) ಮೋಸ ಬೇರೆ ಬಗೆಯದು. ಅಲ್ಲಿ ನಕಲಿಗಿಂತ ಮರುಮುದ್ರಣವನ್ನು ಒರಿಜಿನಲ್ ಎಂದು ಮಾರುವುದೇ ಹೆಚ್ಚು. ಕಾನೂನುಬದ್ಧವಾದ, ಚೆನ್ನಾಗಿಯೇ ಇರುವ ಇಂದಿನ ಮರುಮುದ್ರಣ ತಂದು, ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುವ ಮರುಮುದ್ರಣದ ಸಾಲಿನ ಮೇಲೆ ಹಳೆಯ ಅಂಗಡಿಯ ಬೆಲೆಚೀಟಿಯಂತಹದ್ದನ್ನು ಅಂಟಿಸಿರುತ್ತಾರೆ. ನನ್ನ ಗೆಳೆಯರೊಬ್ಬರಿಗೆ ಸಿಕ್ಕಿದ ಫಂಕ್ ಎಲ್‌ಪಿ ಇಂತಹದ್ದೇ. ಅದರ ಡೆಡ್ ವ್ಯಾಕ್ಸ್‌ನಲ್ಲಿ ಯಂತ್ರ ಕೊರೆದ ಆರಂಕಿಯ ಸಂಖ್ಯೆ, ಕೊನೆಯಲ್ಲಿ ಇ-ಒಂದು, ಓರೆಗೆರೆ, ಎ. ಇದು ಝೆಕ್ ಗಣರಾಜ್ಯದ ಕಾರ್ಖಾನೆಯೊಂದರ ಇತ್ತೀಚಿನ ಪದ್ಧತಿ, 1972ರ ಅಮೆರಿಕನ್ ರೆಕಾರ್ಡಿನಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಬಾರ್‌ಕೋಡ್ ಕೂಡ ಹಾಗೆಯೇ, ಅಂಗಡಿಯಲ್ಲಿ ಅದನ್ನು ಮೊದಲು ಓದಿಸಿದ್ದೇ 1974ರಲ್ಲಿ.

ಲೇಬಲ್ಲೂ ಬಹಳಷ್ಟು ಹೇಳುತ್ತದೆ. ಸ್ಟಾಕ್ಸ್ ಎಂಬ ಸೋಲ್ ರೆಕಾರ್ಡ್ ಕಂಪನಿ 1968ರಲ್ಲಿ ದೊಡ್ಡ ಕಂಪನಿಯಾದ ಅಟ್ಲಾಂಟಿಕ್‌ನಿಂದ ಬೇರ್ಪಡುವವರೆಗೆ ಅದರ ಲೇಬಲ್ ನೀಲಿ, ಮೇಲೆ ರೆಕಾರ್ಡ್‌ಗಳ ರಾಶಿಯ ಚಿತ್ರ. ಚಿಟಿಕೆ ಹೊಡೆಯುವ ಬೆರಳಿನ ಹಳದಿ ಲೇಬಲ್ ಬಂದದ್ದು ಆಮೇಲೆ. 1966ರ ಸ್ಟಾಕ್ಸ್ ಎಂದು ಹಳದಿ ಲೇಬಲ್ ತೋರಿಸಿದರೆ ಅದು ಮೊದಲ ಮುದ್ರಣವಲ್ಲ. 1967ರ, ಗಾಯಕಿ ಅರೆಥಾ ಫ್ರಾಂಕ್ಲಿನ್ ಅವರ ಎಲ್‌ಪಿಯ ಅಟ್ಲಾಂಟಿಕ್ ಲೇಬಲ್ಲಿನಲ್ಲಿ 75 ರಾಕ್‌ಫೆಲರ್ ಪ್ಲಾಜಾ ಎಂಬ ವಿಳಾಸವಿದ್ದರೆ ಅದು ಎಪ್ಪತ್ತರ ದಶಕದ ನಡುವಿನದು ಅಥವಾ ಅದಕ್ಕೂ ಈಚಿನದು. ಅದಕ್ಕೂ ಮುಂಚಿನ ವಿಳಾಸ 1841 ಬ್ರಾಡ್‌ವೇ. ಅಮೆರಿಕದ ಐದಂಕಿಯ ಜಿಪ್ ಕೋಡ್ ಶುರುವಾದದ್ದು 1963ರಲ್ಲಿ, ಅದಕ್ಕಿಂತ ಹಳೆಯದೆನ್ನುವ ರೆಕಾರ್ಡಿನ ವಿಳಾಸದಲ್ಲಿ ಅದು ಕಂಡರೆ ಅನುಮಾನಿಸಿ.

ಬೆಂಗಳೂರು, ಮೈಸೂರಿನಲ್ಲಿ ಕೂತು ತರಿಸಿಕೊಳ್ಳುವವರ ಕಷ್ಟ ನನ್ನದಕ್ಕಿಂತ ದೊಡ್ಡದು. ಹಿಂದಕ್ಕೆ ಕಳುಹಿಸುವ ಅಂಚೆ ವೆಚ್ಚ, ಕಟ್ಟಿದ ಸುಂಕ ಇವೆರಡೂ ಮೋಸಗಾರರ ಪರವಾಗಿಯೇ ಕೆಲಸ ಮಾಡುತ್ತವೆ. ಹಾಗಾಗಿ ಒರಿಜಿನಲ್ ಅಲ್ಲವೆಂದು ತಿಳಿದರೆ ಬರುವ ಅಂಚೆ ವೆಚ್ಚವೂ ಸೇರಿ ಹಣ ಹಿಂದಿರುಗಿಸುತ್ತೇನೆ ಎಂದು ಮೊದಲೇ ಮಾರುವವರಿಂದ ಬರೆಸಿಕೊಳ್ಳಿ. ತಾಣದ ಸಂದೇಶಪೆಟ್ಟಿಗೆಯಲ್ಲೇ ಬರೆಸಿಕೊಳ್ಳಿ, ಬೇರೆ ಕಡೆ ಬೇಡ. ಕಡಿಮೆ ಬೆಲೆಗೆ ಕೊಡುತ್ತೇನೆ, ಸ್ನೇಹಿತರಿಗೆ ಕಳುಹಿಸುವಂತೆ ನೇರವಾಗಿ ಹಣ ಹಾಕಿ ಎಂದರೆ ಒಪ್ಪಬೇಡಿ. ಹಾಗೆ ಹಾಕಿದ ಹಣದ ಮೇಲೆ ತಾಣದಲ್ಲಿ ದೂರು ಕೊಡುವ ಹಕ್ಕೂ ಸಾಮಾನ್ಯವಾಗಿ ನಿಮಗೆ ಇರುವುದಿಲ್ಲ.

ನನ್ನನ್ನು ಮೋಸಗೊಳಿಸಿದ ಚಿತ್ರ ಈ ತಿಂಗಳು ಮತ್ತೆ ಕಾಣಿಸಿಕೊಂಡಿದೆ, ಬೇರೆ ಖಾತೆಯ ಹೆಸರಿನಲ್ಲಿ, ಇನ್ನೂ ಹೆಚ್ಚಿನ ಬೆಲೆಗೆ. ತಾಣದವರಿಗೆ ತಿಳಿಸಿದ್ದೇನೆ, ಪಟ್ಟಿಯನ್ನು ಇನ್ನೂ ತೆಗೆದಿಲ್ಲ. 1966ರ ಡೆಟ್ರಾಯಿಟ್ 45 ಒಂದಕ್ಕೆ ನಿಮಗೆ ಬಂದ ಚಿತ್ರದಲ್ಲಿ ಒವೊಸ್ಸೊ ಮುದ್ರೆಯ ಎಡಕ್ಕೆ ಬಾಗಿದ ಗೀರು ಕಂಡರೆ, ಲೇಬಲ್ ಸಮೇತ ಇನ್ನೊಂದು ಚಿತ್ರ ಕಳುಹಿಸಿ ಎಂದು ಕೇಳಿ, ಅದು ಬರುವವರೆಗೆ ಒಂದು ಡಾಲರನ್ನೂ ಕಟ್ಟಬೇಡಿ.