ಅಪ್ಪನ ಉಯಿಲಿಗೆ ಖುದ್ದಾಗಿ ಪ್ರೊಬೇಟ್ ಅರ್ಜಿ ಹಾಕುವ ಮುಂಚೆ

ಮನೆಯಲ್ಲಿ ತಕರಾರಿಲ್ಲ, ಎಲ್ಲರೂ ಒಪ್ಪಿದ್ದಾರೆ, ವಕೀಲರು ಯಾಕೆ ಎಂದು ಎಕ್ಸಿಕ್ಯೂಟರ್ (ಉಯಿಲನ್ನು ಜಾರಿಗೆ ತರಲು ಉಯಿಲಿನಲ್ಲೇ ಹೆಸರಿಸಿದವರು) ಆದವರೇ ಪ್ರೊಬೇಟ್, ಅಂದರೆ ಉಯಿಲು ಸಾಚಾ ಎಂದು ಕೋರ್ಟು ಕೊಡುವ ದೃಢೀಕರಣಕ್ಕೆ, ಅರ್ಜಿ ಹಾಕುವುದುಂಟು. ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಆದರೆ ಇಂಥ ಅರ್ಜಿ ಕೆಡುವುದು ಕೋರ್ಟಿನಲ್ಲಲ್ಲ, ಸಾವಾದ ಮೊದಲ ಕೆಲವು ವಾರಗಳಲ್ಲಿ ಮನೆಯಲ್ಲೇ.

ಹೀಗೆ ಕೆಟ್ಟ ಒಂದು ಅರ್ಜಿ ನೋಡಿ. ಹಿರಿಮಗ ಎಕ್ಸಿಕ್ಯೂಟರ್. ವಾರಸುದಾರರ ಪಟ್ಟಿಯಲ್ಲಿ ತಾಯಿ, ತಮ್ಮ, ತಾನು, ಇಷ್ಟೇ. ಮದುವೆಯಾದ ತಂಗಿ ಇಲ್ಲ, ಬದುಕಿರುವ ಅಜ್ಜಿ, ಅಂದರೆ ಅಪ್ಪನ ತಾಯಿಯೂ ಇಲ್ಲ. ತೀರಿಕೊಂಡವರ ತಾಯಿ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಹೆಂಡತಿ, ಮಕ್ಕಳ ಜೊತೆಗೇ ಮೊದಲನೇ ವರ್ಗದ ವಾರಸುದಾರಳು. ಉಯಿಲು ಬರೆದವರಿಗಿಂತ ಮೊದಲೇ ತೀರಿಕೊಂಡ ಅವರ ಮಗ, ಮಗಳಿದ್ದರೆ ಆ ಮಕ್ಕಳ ಮಕ್ಕಳೂ ಬರುತ್ತಾರೆ. ಉಯಿಲಿನಲ್ಲಿ ಇವರಿಗೆ ಒಂದು ಪೈಸೆ ಬರೆಯದಿದ್ದರೂ ನೋಟಿಸ್ ಹೋಗಲೇಬೇಕು. ಉಯಿಲಿಲ್ಲದಿದ್ದರೆ ಪಾಲು ಸಿಗುತ್ತಿದ್ದವರು ಅವರೇ ತಾನೆ? ನೋಟಿಸ್ ತಪ್ಪಿದರೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 263ನೇ ಕಲಂ ಪ್ರಕಾರ, ಕೈಗೆ ಬಂದ ಪ್ರೊಬೇಟನ್ನೂ ರದ್ದು ಮಾಡಬಹುದು.

ಅದೇ ಕಡತದಲ್ಲಿ ಉಯಿಲಿನ ಮೂಲ ಪ್ರತಿ. ಮೂಲೆಯ ಪಿನ್ನು ಕಿತ್ತು ಜೆರಾಕ್ಸ್ ಮಾಡಿಸಿ ಮತ್ತೆ ಹೊಸ ಪಿನ್ನು ಹೊಡೆದಿದ್ದರು. ಹಳೆಯ ಎರಡು ತೂತು, ಹೊಸದು ಎರಡು. ಇನ್ನೊಂದು ಹಾಳೆ ಇತ್ತೇ, ಕೋಡಿಸಿಲ್ (ಉಯಿಲಿಗೆ ಆಮೇಲೆ ಸೇರಿಸಿದ ತಿದ್ದುಪಡಿ ಪತ್ರ) ಇತ್ತೇ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟಿತು. ಮೂಲ ಉಯಿಲಿನ ಪಿನ್ನು ತೆಗೆಯಬೇಡಿ, ಅದರ ಮೇಲೆ ಏನನ್ನೂ ಬರೆಯಬೇಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಸಹಿಯ ತಕರಾರು ಬಂದರೆ ತಜ್ಞರು ಶಾಯಿಯನ್ನೂ ಪೆನ್ನಿನ ಒತ್ತನ್ನೂ ನೋಡುವುದು ಆ ಹಾಳೆಯಲ್ಲೇ. ಪ್ರತಿ ಬೇಕಿದ್ದರೆ ಇದ್ದಹಾಗೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ.

ಉಯಿಲು ರಿಜಿಸ್ಟರ್ ಆಗಿದೆ, ಇನ್ನು ಸಾಕ್ಷಿ ಬೇಡ ಎಂದುಕೊಳ್ಳುವುದು ಇನ್ನೊಂದು ತಪ್ಪು. ರಿಜಿಸ್ಟರ್ ಆದ ಉಯಿಲನ್ನೂ ಸಾಬೀತು ಮಾಡಲೇಬೇಕು. ಉಯಿಲಿಗೆ ಸಹಿ ಹಾಕಿದ ಇಬ್ಬರು ಸಾಕ್ಷಿಗಳಲ್ಲಿ ಸಿಗುವವರೊಬ್ಬರು ಅರ್ಜಿಯ ಕೆಳಗೆ ದೃಢೀಕರಣ ಬರೆಯಬೇಕು, ಇದು ಅದೇ 1925ರ ಕಾಯಿದೆಯ 281ನೇ ಕಲಂ. ಆದ್ದರಿಂದ ಎಲ್ಲಕ್ಕಿಂತ ಮೊದಲು ಅವರನ್ನು ಹುಡುಕಿ. ಇಬ್ಬರೂ ಬದುಕಿಲ್ಲವಾದರೆ ಅವರ ಮರಣ ಪ್ರಮಾಣಪತ್ರ ಬೇಕು. ಒಬ್ಬ ಸಾಕ್ಷಿಯ ಕೈಬರಹ, ಅಪ್ಪನ ಸಹಿ ಎರಡನ್ನೂ ಗುರುತಿಸುವವರು ಬೇಕು. ಹಳೆಯ ಚೆಕ್ಕು, ಕ್ರಯಪತ್ರ ಆಗ ಉಪಯೋಗಕ್ಕೆ ಬರುತ್ತವೆ, ಬಿಸಾಡಬೇಡಿ.

ಪ್ರೊಬೇಟ್ ಎಲ್ಲರಿಗೂ ಬೇಕಿಲ್ಲ ಎಂಬುದನ್ನೂ ತಿಳಿದಿರಿ. ಕರ್ನಾಟಕದಲ್ಲಿ ಹಿಂದೂಗಳ ಉಯಿಲಿಗೆ ಅದು ಕಡ್ಡಾಯವಲ್ಲ. ಬ್ಯಾಂಕಿಗೆ ಯಾವ ಕಾಗದ ಬೇಕೋ ಮೊದಲು ಲಿಖಿತವಾಗಿ ಕೇಳಿ. ಉಯಿಲೇ ಇಲ್ಲದಿದ್ದರೆ ಪ್ರೊಬೇಟ್ ಪ್ರಶ್ನೆಯೇ ಬರುವುದಿಲ್ಲ. ಠೇವಣಿ, ಷೇರುಗಳಿಗೆ ಉತ್ತರಾಧಿಕಾರ ಪ್ರಮಾಣಪತ್ರ ಬೇಕಾಗಬಹುದು, ಆದರೆ ಅದರಿಂದ ಮನೆ, ಜಮೀನು ವರ್ಗವಾಗುವುದಿಲ್ಲ. ಅರ್ಜಿಯಲ್ಲಿ ಒಂದು ಎಫ್‌ಡಿ ಬಿಟ್ಟುಹೋದರೂ ಪ್ರಮಾಣಪತ್ರ ವಿಸ್ತರಿಸಲು ಮತ್ತೆ ಕೋರ್ಟಿಗೇ ಹೋಗಬೇಕು. ಹಳೆಯ ಪಾಸ್‌ಬುಕ್ಕಿನಲ್ಲಿ ಬಡ್ಡಿ ಜಮೆಯಾದ ಸಾಲುಗಳನ್ನು ಒಂದೊಂದಾಗಿ ನೋಡಿದರೆ ಮರೆತ ಠೇವಣಿಗಳು ಸಿಗುತ್ತವೆ. ನಾಮಿನಿ ಹಣ ತೆಗೆದುಕೊಳ್ಳಬಹುದು, ಆದರೆ ಅಷ್ಟಕ್ಕೇ ಮಾಲೀಕನಾಗುವುದಿಲ್ಲ.

ಅಪ್ಪನ ಎಟಿಎಂ ಕಾರ್ಡಿನಿಂದ ಆಸ್ಪತ್ರೆ ಬಿಲ್ಲಿಗೆಂದು ಹಣ ತೆಗೆಯುವವರು ಬಹಳ ಮಂದಿ. ಖರ್ಚು ನ್ಯಾಯವಾದದ್ದೇ ಇರಬಹುದು, ಆದರೂ ಸಾವಿನ ನಂತರದ ತಾರೀಖಿನ ಆ ಒಂದು ಎಂಟ್ರಿ ಒಡಹುಟ್ಟಿದವರ ನಡುವೆ ವಿಷವಾಗುತ್ತದೆ. ನಿಮ್ಮ ಕೈಯಿಂದ ಕೊಟ್ಟು ರಸೀದಿ ಇಡಿ. ಅಂತ್ಯಕ್ರಿಯೆಯ ನ್ಯಾಯವಾದ ಖರ್ಚು, ಕೊನೆಯ ಕಾಯಿಲೆಯ ಖರ್ಚು ಬೇರೆ ಸಾಲಗಳಿಗಿಂತ ಮೊದಲು ಆಸ್ತಿಯಿಂದಲೇ ಸಲ್ಲುತ್ತವೆ.

ಯಾರಾದರೂ ಕೇವಿಯಟ್ (ತಮ್ಮನ್ನು ಕೇಳದೆ ಪ್ರೊಬೇಟ್ ಕೊಡಬೇಡಿ ಎಂದು ಕೋರ್ಟಿಗೆ ಕೊಡುವ ಅರ್ಜಿ) ಹಾಕಿ ವಿರೋಧಕ್ಕೆ ನಿಂತರೆ ಅರ್ಜಿ ದಾವೆಯ ರೂಪ ಪಡೆಯುತ್ತದೆ. ಆ ದಿನವೇ ವಕೀಲರನ್ನು ಹಿಡಿಯಿರಿ, ಹಠ ಬೇಡ.

ಪ್ರೊಬೇಟ್ ಸಿಕ್ಕಿದ ಕೂಡಲೇ ಹಂಚಿಬಿಡಬೇಡಿ. 6 ತಿಂಗಳಲ್ಲಿ ಆಸ್ತಿ, ಸಾಲಗಳ ಪಟ್ಟಿ, 1 ವರ್ಷದಲ್ಲಿ ಲೆಕ್ಕ ಕೋರ್ಟಿಗೆ ಕೊಡಬೇಕು. ಸಾಲ ತೀರಿಸದೆ ಹಂಚಿದರೆ ಎಕ್ಸಿಕ್ಯೂಟರ್ ಕೈಯಿಂದ ಕಟ್ಟುವ ಪ್ರಸಂಗ ಬರಬಹುದು. ಸಾವಿನ ದಿನದವರೆಗಿನ ಆದಾಯಕ್ಕೆ ಅಪ್ಪನ ಹೆಸರಿನಲ್ಲೇ ರಿಟರ್ನ್ ಹೋಗಬೇಕು. ಅದಕ್ಕೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಕಾನೂನುಬದ್ಧ ವಾರಸುದಾರರಾಗಿ ನೋಂದಾಯಿಸಿಕೊಳ್ಳಿ. ರೀಫಂಡ್ ಬರುವವರೆಗೆ ಅವರ ಪ್ಯಾನ್ ಹಿಂದಿರುಗಿಸಬೇಡಿ.