ಮೈಸೂರಿನ ಸಂಜೆ ಬಾಕ್ಸಿಂಗ್ ತರಗತಿ: ಕಲಿಸುವ ಕ್ರಮ ಚೆನ್ನ, ಗುದ್ದುವ ಬ್ಯಾಗ್ ಸರಿಯಾಗಬೇಕು

ಮಣಿಪುರದಿಂದ ಬಂದು ಮೈಸೂರಿನಲ್ಲೇ ನೆಲೆಸಿದ ಕೋಚ್ ಒಬ್ಬರು ಹದಿಹರೆಯದವರಿಗೆ ನಡೆಸುವ ತರಗತಿ ಇದು. 1998ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಡಿಂಗ್ಕೊ ಸಿಂಗ್, 2012ರಲ್ಲಿ ಒಲಿಂಪಿಕ್ ಕಂಚು ತಂದ ಮೇರಿ ಕೋಮ್ ಇಬ್ಬರ ನಾಡಿನವರೇ ಈ ಕೋಚ್. ಆತುರ ಅವರಲ್ಲಿಲ್ಲ.

ಸೇರಿದ ತಕ್ಷಣ ಗ್ಲೌಸ್ ಸಿಗುವುದಿಲ್ಲ. ಮೊದಲು ನಿಲುವು, ಹೆಜ್ಜೆ, ಸ್ಕಿಪ್ಪಿಂಗ್: ಮೂರು ನಿಮಿಷದ ಸುತ್ತು, ಒಂದು ನಿಮಿಷ ವಿರಾಮ. ಆಮೇಲೆ ಕೈಪಟ್ಟಿ ಕಟ್ಟುವುದು. ಇದನ್ನು ಇಷ್ಟು ಶ್ರದ್ಧೆಯಿಂದ ಕಲಿಸುವವರು ಅಪರೂಪ. ನಾಲ್ಕೂವರೆ ಮೀಟರ್ ಪಟ್ಟಿಯ ಕುಣಿಕೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣುಗಳ ಮೇಲೆ ಮೂರು ಸುತ್ತು, ಬೆರಳುಗಳ ಸಂದಿಯಲ್ಲಿ ಒಂದೊಂದು, ಉಳಿದದ್ದು ಮತ್ತೆ ಮಣಿಕಟ್ಟಿಗೆ. ಸುತ್ತುವಾಗ ಬೆರಳು ಅಗಲಿಸಿಯೇ ಇರಬೇಕು. ಮುಷ್ಟಿ ಹಿಡಿದಾಗ ಪಟ್ಟಿ ಬಿಗಿಯಾಗುತ್ತದೆ. ಬೆರಳು ಜೋಮು ಹಿಡಿದರೆ ಬಿಚ್ಚಿ ಮತ್ತೆ ಕಟ್ಟಿಸುತ್ತಾರೆ.

ಬ್ಯಾಗ್‌ಗೆ 12 ಔನ್ಸ್ ಗ್ಲೌಸ್, ಜೊತೆಯವರೊಡನೆ ಆಡಲು 16 ಔನ್ಸ್. ಹೆಡ್‌ಗಾರ್ಡ್, ಹಲ್ಲುಗಾರ್ಡ್ ಇಲ್ಲದವರನ್ನು ರಿಂಗ್‌ಗೆ ಬಿಡುವುದಿಲ್ಲ. ಹೆಡ್‌ಗಾರ್ಡ್ ಗಾಯ ತಡೆದೀತು, ಮಿದುಳಿನ ಅದುರುವಿಕೆಯನ್ನಲ್ಲ ಎಂದು ಪೋಷಕರಿಗೂ ಹೇಳುತ್ತಾರೆ. ತಲೆ ಸುತ್ತಿದರೆ ಅಂದಿನ ಆಟ ಮುಗಿಯಿತು. ಈ ನಿಷ್ಠುರತೆ ಬಹಳ ಮೆಚ್ಚುವಂಥದ್ದು.

ಕೊರತೆ ಇರುವುದು ಸಾಮಾನಿನಲ್ಲಿ. ಒಂದು ಬ್ಯಾಗ್‌ನಲ್ಲಿ ಮರಳು ತಳಕ್ಕೆ ಇಳಿದು ಕಲ್ಲಿನಂತಾಗಿದೆ. ಕೆಳಗೆ ಹೊಡೆದರೆ ಮಣಿಕಟ್ಟು ಉಳುಕುತ್ತದೆ. ಅದನ್ನು ಬಿಚ್ಚಿ ಬಟ್ಟೆಚೂರು ತುಂಬಿಸಲೇಬೇಕು. ಹಂಚಿಕೊಳ್ಳುವ ಗ್ಲೌಸ್ ಬೆವರಿನಿಂದ ಒದ್ದೆ, ಚರ್ಮಕ್ಕೆ ತುರಿಕೆ ಹತ್ತಬಹುದು. ಸ್ವಂತ ಜೋಡಿ ಕೊಳ್ಳಿ. ಮನೆಗೆ ಬಂದೊಡನೆ ಗ್ಲೌಸಿನ ಬಾಯಿ ಅಗಲಿಸಿ ಫ್ಯಾನಿನ ಕೆಳಗೆ ಒಣಗಿಸಿ, ಬಿಸಿಲಿಗಿಟ್ಟರೆ ಅದರ ಚರ್ಮ ಸೀಳುತ್ತದೆ.