ಐದು ವರ್ಷ ಜೇಬಿನಲ್ಲಿದ್ದ ಮಡಚುವ ಚಾಕು

ಈ ಚಾಕು ಒಬ್ಬರೇ ಕೂತು ಕೈಯಲ್ಲಿ ಮಾಡಿಕೊಟ್ಟಿದ್ದು. ಒಂಬತ್ತು ತಿಂಗಳು ಕಾದೆ. ಚೆನ್ನಾಗಿ ಬಳಸಿದ ಮೇಲೆ ಬರೆಯೋಣ ಅಂತ ಐದು ವರ್ಷ ಸುಮ್ನಿದ್ದೆ.

ಇದು ಲಾಕ್ ಇಲ್ಲದ ಸ್ಲಿಪ್‌ಜಾಯಿಂಟ್. ಹಿಡಿಯ ಬೆನ್ನಿಗಿರುವ ಉಕ್ಕಿನ ಪಟ್ಟಿಯೇ ಸ್ಪ್ರಿಂಗು, ಅಲಗನ್ನು ಒತ್ತಿ ಹಿಡಿಯುವುದು ಅದೇ. ತೆರೆಯುವಾಗ ಅರ್ಧಕ್ಕೆ ಒಂದು ಟಕ್, ಪೂರ್ತಿ ತೆರೆದಾಗ ಇನ್ನೊಂದು ಟಕ್. ಚಾಕು ಮಾಡುವವರು ಇದಕ್ಕೆ ‘ವಾಕ್ ಅಂಡ್ ಟಾಕ್’ ಅನ್ನುತ್ತಾರೆ. ನಮ್ಮ ‘ನಡೆನುಡಿ’ಯೇ ಸರಿಯಾದ ಮಾತು, ಅಲ್ವಾ? ಮಡಚಿ, ಅರ್ಧ ತೆರೆದು, ಪೂರ್ತಿ ತೆರೆದು, ಮೂರು ಸಲವೂ ಬೆನ್ನ ಮೇಲೆ ಉಗುರು ಎಳೆದು ನೋಡಿದೆ. ಸ್ಪ್ರಿಂಗು ಎಲ್ಲಿ ಮುಗಿಯಿತು, ಅಲಗಿನ ಬುಡ ಎಲ್ಲಿ ಶುರುವಾಯಿತು ಅಂತ ಉಗುರಿಗೆ ಸಿಗಲೇ ಇಲ್ಲ. ಬುಡವನ್ನು ಒಂದು ಕೂದಲಿನಷ್ಟು ಜಾಸ್ತಿ ಉಜ್ಜಿದ್ದರೂ ಈ ಮಟ್ಟ ಬರುತ್ತಿರಲಿಲ್ಲ. ಐದು ವರ್ಷದ ಮೇಲೆ ಇವತ್ತೂ ಹಾಗೇ ಇದೆ.

ಈ ಆಕಾರ ಎಲ್ಲಿಂದ ಬಂತು ಅಂತ ಮಾಡಿದವರನ್ನು ಕೇಳಿದ್ದೆ. ಅವರ ಹತ್ತಿರ ರಿಪೇರಿಗೆ ಒಂದು ಹಳೇ ಚಾಕು ಬಂದಿತ್ತಂತೆ. ಯಾರೋ ವರ್ಷಗಟ್ಟಲೆ ಕಲ್ಲಿಗೆ ಮಸೆದು ಮಸೆದು ಅಲಗು ಸಪೂರವಾಗಿತ್ತು. ಆ ಸವೆದ ಗೆರೆ ಇಷ್ಟವಾಗಿ, ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಗೀಚಿಟ್ಟುಕೊಂಡರು. ನನಗೆ ಮೊದಲು ಬಂದದ್ದು ಒಂದು ರಟ್ಟಿನ ಚಾಕು, ಕೀಲಿನ ಜಾಗಕ್ಕೆ ಗುಂಡುಪಿನ್ನು. ಹಿಡಿದು ನೋಡಿದೆ. ಕಿರುಬೆರಳಿಗೆ ಜಾಗ ಸಾಲಲಿಲ್ಲ. ಹೇಳಿದ ಮೇಲೆ ಹಿಡಿಯನ್ನು 4 ಮಿಲಿಮೀಟರ್ ಉದ್ದ ಮಾಡಿದರು.

ಅಲಗು 52100 ಉಕ್ಕು, ಬೇರಿಂಗಿಗೆ ಬಳಸುವುದು. ಹದ ಸುಮಾರು 60 ರಾಕ್‌ವೆಲ್ (ಗಡಸುತನದ ಅಳತೆ). ಸ್ಪ್ರಿಂಗಿನ ಹದ ಬೇರೆ, ಇನ್ನೂ ಮೆತ್ತಗೆ. ಅದೂ ಅಷ್ಟೇ ಗಡಸಾದರೆ ಬಾಗುವ ಬದಲು ಮುರಿಯುತ್ತದೆ. ಅಲಗಿನ ಬಾಯಿ ಬೇಗ ಮೊಂಡಾಗುವುದಿಲ್ಲ, ಮೊಂಡಾದರೂ ಕಲ್ಲಿನ ಮೇಲೆ ಹತ್ತು ನಿಮಿಷ ಸಾಕು.

ಆದರೆ ಇದರಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಇರುವುದು ಸುಮಾರು 1.5% ಅಷ್ಟೇ. ತುಕ್ಕು ಹಿಡಿಯುತ್ತದೆ. ಹುಳಿ ಹಣ್ಣು ಕೊಯ್ದು ಕೊಯ್ದು ಅಲಗಿಗೆ ಬೂದಿ ನೀಲಿ ಬಣ್ಣ ಬಂದಿದೆ, ಅದು ನನಗೆ ತುಂಬಾ ಇಷ್ಟ. ಎರಡನೇ ವರ್ಷ ಒದ್ದೆ ಚೀಲದಲ್ಲಿ ಎರಡು ದಿನ ಮರೆತುಬಿಟ್ಟೆ. ಕೀಲಿನಲ್ಲಿ ಕೆಂಪು ತುಕ್ಕು, ತೆರೆದರೆ ಮರಳು ಅರೆದ ಹಾಗೆ ಕರಕರ. ಮಾಡಿದವರನ್ನೇ ಕೇಳಿದೆ. ಬಿಸಿ ನೀರಲ್ಲಿ ತೆರೆದು ಮುಚ್ಚಿ ತೊಳೆ, ಪೂರ್ತಿ ಒಣಗಿಸು, ಒಂದೇ ಹನಿ ಎಣ್ಣೆ ಬಿಡು ಅಂದರು. ಕರಕರ ಹೋಯಿತು. ಬುಡದ ಹತ್ತಿರ ಸಾಸಿವೆಗಿಂತ ಚಿಕ್ಕ ಗುಳಿ ಉಳಿದಿದೆ, ನೋಡಿದಾಗಲೆಲ್ಲ ಬೇಜಾರಾಗುತ್ತದೆ.

ನನ್ನ ನಿಜವಾದ ದೂರು ಒಂದೇ. ಉಗುರು ಹಾಕಿ ಎಳೆಯುವ ಕಚ್ಚು ಆಳ ಸಾಲದು. ಸ್ಪ್ರಿಂಗು ಬಿಗಿ, ಕೈ ಒದ್ದೆಯಿದ್ದರೆ ಉಗುರು ಜಾರುತ್ತದೆ. ಉಗುರು ಗಿಡ್ಡವಾಗಿ ಕತ್ತರಿಸುವವರು ಮೊದಲೇ ಹೇಳಿ ಕಚ್ಚನ್ನು ಆಳವಾಗಿ ಮಾಡಿಸಿಕೊಳ್ಳಿ.

ಎರಡನೆಯದಕ್ಕೆ ನಾನು ಹೆಸರು ಬರೆಸಿದ್ದೇನೆ. ಹೋದ ವಾರ ಅದರ ರಟ್ಟಿನ ಚಾಕು ಬಂತು. ಕಚ್ಚಿನ ಜಾಗದಲ್ಲಿ ಪೆನ್ಸಿಲಿನಿಂದ ಎರಡು ಸಲ ಒತ್ತಿ ಗೆರೆ ಎಳೆದಿದ್ದಾರೆ.